ಕಂಡಕ್ಟರ್ ಸಲಹೆಗಾರನಾದದ್ದು

ಟಿಕೆಟ್ ಕೇಳುವ ಮೊದಲೇ ನಗುವವರನ್ನು ಕಂಡಕ್ಟರ್ ನಂಬುತ್ತಿರಲಿಲ್ಲ. ತಾನು ಹತ್ತಿರ ಬರುತ್ತಿದ್ದಂತೆ ಗೊರಕೆ ಹೊಡೆಯುವವರನ್ನು ಬೇಕಾದರೆ ಕ್ಷಮಿಸಬಹುದು, ಕಿಟಕಿಯಾಚೆಯ ಬೋಳು ಗೋಡೆಯನ್ನು ಸೂರ್ಯೋದಯದ ಹಾಗೆ ನೋಡುತ್ತಾ ಕೂರುವವರನ್ನೂ ಕ್ಷಮಿಸಬಹುದು. ಆದರೆ ಮುಂಗಡವಾಗಿ ನಗುವವರು ಪಕ್ಕಾ ಖದೀಮರು ಎಂಬುದು ಅವನ ಸರ್ವೀಸಿನ ಸಾರ. ಹಾಗಾಗಿ ಮಕ್ಕಳ ಮನಸ್ಸಿನ ಕೇಂದ್ರದ ಡಾಕ್ಟರಮ್ಮ ಕಾರಿಡಾರಿನ ಆ ತುದಿಯಿಂದಲೇ ನಗುತ್ತಾ ಬಂದಾಗ, ಬೆಂಚಿನ ಮೇಲೆ ಕೂತಿದ್ದವನು ನೆಟ್ಟಗಾದ.

“ನಿಮ್ಮನ್ನೇ ಹುಡುಕ್ತಿದ್ದೆ,” ಎಂದರು ಅವರು.

ಹುಡುಕುವವರೂ ಅವನಿಗೆ ಆಗಿಬರುತ್ತಿರಲಿಲ್ಲ.

“ಇಲ್ಲಿ ಒಂದು ಸಲಹಾ ಸಮಿತಿ ಮಾಡ್ತಿದೀವಿ. ಮಕ್ಕಳನ್ನ ಕರ್ಕೊಂಡು ಬರೋ ಮನೆಯವರೇ ಸಲಹೆಗಾರರು. ನಾವು ಎಲ್ಲಿ ಎಡವ್ತಿದೀವಿ, ಹೊಸದಾಗಿ ಕೆಲಸ ಕಲಿಯೋಕೆ ಬರೋರಿಗೆ ಏನ್ ಹೇಳ್ಕೊಡ್ಬೇಕು, ಅದನ್ನೆಲ್ಲ ನಿಮ್ಮಂಥೋರ ಬಾಯಿಂದಾನೇ ಕೇಳ್ಬೇಕು ಅಂತ.”

“ನಮ್ಮಂಥೋರು ಅಂದ್ರೆ?”

“ಅಂದ್ರೆ… ನೀವು. ಪ್ರತಿ ಮಂಗಳವಾರ ತಪ್ಪದೆ ಬರ್ತೀರಲ್ಲ.”

ತಪ್ಪದೆ ಬರುತ್ತಿದ್ದುದು ನಿಜ. ಆ ಹೊತ್ತಿಗೆ ಒಳಗಡೆ ಅವನ ಮಗಳು ಆಟದ ಅಕ್ಕನ ಜೊತೆ ಆಡುತ್ತಿದ್ದಳು. ಆಟದ ಅಕ್ಕ ಎಂದರೆ ಮಕ್ಕಳನ್ನು ಆಡಿಸುತ್ತಲೇ ಅವರ ಹೊಟ್ಟೆಯೊಳಗಿನ ಸಂಕಟ ಹೊರತೆಗೆಯುವ ಆಪ್ತ ಸಲಹೆಗಾರ್ತಿ. ಅಷ್ಟುದ್ದ ಹೆಸರು ಮಕ್ಕಳ ಬಾಯಿಗೆ ಹಿಡಿಸದೆ ಅಕ್ಕ ಆಗಿದ್ದಳು. ಮಗಳಿಗೆ ಮನೆಯಲ್ಲಿ ಇಟ್ಟ ಹೆಸರು ಬೆಂಕಿಪೊಟ್ಟಣ. ಅಂಗೈ ಅಗಲದ ಹುಡುಗಿ, ಎಲ್ಲಿ ಗೀರಿದರೂ ಭಗ್ ಎನ್ನುವವಳು. ಒಂದು ಕಾಲಕ್ಕೆ ತಟ್ಟೆ ಎಸೆದಳು, ಪಕ್ಕದ ಹುಡುಗನ ಕೈ ಕಚ್ಚಿದಳು, ಟೀಚರ ಕನ್ನಡಕ ಮುರಿದಳು. “ಇವಳಿಗೆ ಏನಾದ್ರೂ ಮಾಡಿಸಿ, ಇಲ್ಲಾಂದ್ರೆ ಬೇರೆ ಶಾಲೆ ನೋಡ್ಕೊಳ್ಳಿ” ಎಂದು ಶಾಲೆಯವರು ಕೈ ಚೆಲ್ಲಿದ ಮೇಲೆ ಇಲ್ಲಿಗೆ ಬಂದದ್ದು. ಬಂದು ಕೆಲವು ತಿಂಗಳಲ್ಲೇ ಹುಡುಗಿ ಬೆಳಗಿನ ತನಕ ನಿದ್ದೆ ಮಾಡತೊಡಗಿದ್ದಳು, ಶಾಲೆಯಿಂದ ಫೋನ್ ಬರುವುದು ನಿಂತಿತ್ತು. ಮಂಗಳವಾರದ ಈ ಒಂದು ಗಂಟೆ ಕೈಬಿಟ್ಟರೆ ಮತ್ತೆ ತಟ್ಟೆ ಹಾರುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಅದಕ್ಕೇ ಡ್ಯೂಟಿ ಬದಲಾಯಿಸಿಕೊಂಡು, ಡಿಪೋದಲ್ಲಿ ಬೈಸಿಕೊಂಡು ಬರುತ್ತಿದ್ದ.

ಆದರೆ ಒಂದು ಸಂಗತಿಯನ್ನು ಅವನು, ಅವನ ಹೆಂಡತಿ ಇಬ್ಬರೂ ಕೇಂದ್ರದವರಿಗೆ ಹೇಳಿರಲಿಲ್ಲ. ಮಗಳ ಹುಬ್ಬಿನ ಮೇಲೊಂದು ಗಾಯದ ಗುರುತಿತ್ತು. ಅದು ಉಯ್ಯಾಲೆಯಿಂದ ಬಿದ್ದು ಆದದ್ದಲ್ಲ. ಹೋದ ವರ್ಷ ಒಂದು ಸಂಜೆ ಎರಡು ಪಾಳಿ ಮುಗಿಸಿ ಮನೆಗೆ ಬಂದಾಗ ಅವಳು ಬಚ್ಚಲು ಸೇರಿ ಚಿಲಕ ಹಾಕಿಕೊಂಡಿದ್ದಳು. ಕರೆದ, ಬೈದ, ಕೊನೆಗೆ ಬಾಗಿಲಿಗೆ ಒದ್ದ. ಕಿತ್ತು ಬಂದ ಚಿಲಕ ಒಳಗೆ ನಿಂತಿದ್ದವಳ ಹಣೆಗೆ ಬಡಿಯಿತು. ಉಯ್ಯಾಲೆಯ ಕಥೆ ಹೆಂಡತಿ ಕಟ್ಟಿದ್ದು. ಮಗಳಿಗೂ ಬಾಯಿಪಾಠ ಮಾಡಿಸಿದ್ದು ಇಬ್ಬರೂ. ಅಂಥದ್ದು ಗೊತ್ತಾದರೆ ಕೇಂದ್ರದವರು ಮೇಲಿನವರಿಗೆ ಬರೆದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಡಿಪೋದಲ್ಲಿ ಯಾರೋ ಅವನ ಕಿವಿ ಕಚ್ಚಿದ್ದರು.

ಈಗ ಊರಲ್ಲಿ ಇಷ್ಟು ಜನ ಅಪ್ಪಂದಿರಿರುವಾಗ ಇವರಿಗೆ ಇವನೇ ಯಾಕೆ ಬೇಕಾದ?

“ಸಲಹೆಗಾರನಂತೆ,” ಎಂದ ಮನೆಗೆ ಬಂದು.

ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ನಗು ತಡೆಯಲಿಲ್ಲ. “ನೀವಾ? ಈ ಫ್ಯಾನ್ ಯಾವ ಕಡೆ ತಿರುಗುತ್ತೆ ಅಂತ ಕೇಳಿದ್ರೆ ನಾಳೆ ಹೇಳ್ತೀನಿ ಅಂತೀರಿ!”

“ತಮಾಷೆ ಅಲ್ಲ ಕಣೆ. ವಾಸನೆ ಹಿಡಿದಿದಾರೆ.”

“ಏನ್ ವಾಸನೆ?”

ಅವನು ಬಚ್ಚಲ ಕಡೆ ಕಣ್ಣು ಹೊರಳಿಸಿದ. ಹೆಂಡತಿಯ ನಗು ಅರ್ಧಕ್ಕೇ ನಿಂತಿತು.

“ಹಾಗಾದ್ರೆ ಹೋಗ್ಬೇಡಿ.”

“ಹೋಗ್ದಿದ್ರೆ ಅನುಮಾನ ಬರಲ್ವಾ?”

“ಸರಿ, ಹೋಗಿ.”

“ಹೋದ್ರೆ ಬಾಯಿ ಬಿಡಿಸ್ತಾರೆ.”

“ರೀ, ಹೋಗಿ, ಕೂತ್ಕೊಳ್ಳಿ, ಬಾಯಿ ಬಿಡ್ಬೇಡಿ. ಮನೇಲಿ ಅದನ್ನೇ ತಾನೆ ಮಾಡೋದು!”

ಸಮಿತಿಯ ಕೋಣೆಯಲ್ಲಿ ದುಂಡು ಮೇಜು ಹಾಕಿದ್ದರು. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ ಎಂದು ತೋರಿಸುವುದಕ್ಕಂತೆ. ತಲೆಬುಡ ಇಲ್ಲದ ಮೇಜು ಎಂದುಕೊಂಡ ಕಂಡಕ್ಟರ್, ಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದ. ತಟ್ಟೆಯಲ್ಲಿ ಕ್ರೀಮ್ ಬಿಸ್ಕೆಟ್ ಇತ್ತು. ಹೊರಗಿನ ಬೆಂಚಿನವರಿಗೆ ನೀರಿಗೂ ಗತಿಯಿಲ್ಲ, ಇಲ್ಲಿ ಕ್ರೀಮು! ಕ್ರೀಮಿನ ಹಿಂದೆ ಯಾವುದೋ ಸ್ಕೀಮು ಇರಲೇಬೇಕು.

“ಸಮುದಾಯದ ದನಿ ಇಲ್ದೆ ಯಾವ ಸೇವೆನೂ ಸುಧಾರಿಸೋಲ್ಲ,” ಎಂದು ಡಾಕ್ಟರಮ್ಮ ಶುರುಮಾಡಿದರು.

ಕಂಡಕ್ಟರ್ ಸುತ್ತ ನೋಡಿದ. ಅವನ ಪ್ರಕಾರ ಸಮುದಾಯ ಎಂದರೆ ಫುಟ್‌ಬೋರ್ಡಿನ ತನಕ ಜನ ಜೋತಾಡುತ್ತಿರಬೇಕು. ಇಲ್ಲಿದ್ದದ್ದು ಮೂರು ಮತ್ತೊಂದು. ಮೊಮ್ಮಗನನ್ನು ಸಾಕುತ್ತಿರುವ ಬೇಕರಿ ಅಜ್ಜಿ. ಶಾಲೆಯಲ್ಲಿ ತುಟಿಯೇ ಬಿಚ್ಚದ ಮಗನ ತಂದೆ ಡ್ರಾಯಿಂಗ್ ಮೇಷ್ಟ್ರು. ಮಗನ ಪಾಲಿನದನ್ನೂ ಸೇರಿಸಿ ಅವರೇ ಮಾತಾಡುವವರು. ಮೂಲೆಯಲ್ಲಿ ಆಟದ ಅಕ್ಕ. ಅವಳನ್ನು ಅಲ್ಲಿ ಕಂಡದ್ದೇ ತಡ, ಅವನ ಅನುಮಾನಕ್ಕೆ ಕೈಕಾಲು ಮೂಡಿತು.

“ಮೊದ್ಲು ಆ ಹೊರಗಡೆ ಬೆಂಚು ಕಿತ್ತಾಕಿ,” ಎಂದಳು ಅಜ್ಜಿ. “ಮಕ್ಕಳ ಕಾಲು ನೆಲಕ್ಕೆ ಸಿಗಲ್ಲ. ಕಾಲು ನೇತಾಡ್ತಾ ಇದ್ರೆ ಮಗು ಏನ್ ಮಾಡುತ್ತೆ? ಒದೆಯುತ್ತೆ. ಅದನ್ನ ನೋಡಿ ನಿಮ್ಮೋರು ‘ಹುಡುಗ ಚಂಚಲ’ ಅಂತ ಬರ್ಕೋತಾರೆ. ಅವನು ಚಂಚಲ ಅಲ್ಲ ಡಾಕ್ಟರಮ್ಮಾ, ಬೆಂಚಲ!”

ಎಲ್ಲರೂ ನಕ್ಕರು. ಡಾಕ್ಟರಮ್ಮನೂ ನಕ್ಕರು, ಆದರೆ ಅವರ ಪೆನ್ನು ನಗಲಿಲ್ಲ, ಬರೆಯಿತು. ಕಂಡಕ್ಟರ್ ಅದನ್ನು ಗಮನಿಸಿದ.

“ಆ ಗೋಡೆ ಮೇಲಿರೋ ನಗೋ ಕುಟುಂಬದ ಪೋಸ್ಟರ್ ತೆಗೀರಿ,” ಎಂದರು ಮೇಷ್ಟ್ರು. “ಹಾಗೆ ನಗೋಕಾಗ್ದೆ ತಾನೆ ಇಲ್ಲಿಗೆ ಬರೋದು. ಅದೂ ಅಲ್ದೆ ಅದ್ರಲ್ಲಿ ಅಪ್ಪನ ಕೈಗೆ ಆರು ಬೆರಳು ಬರೆದಿದಾರೆ.”

“ನೀವೇನಾದ್ರೂ ಹೇಳ್ತೀರಾ?” ಡಾಕ್ಟರಮ್ಮ ಅವನ ಕಡೆ ತಿರುಗಿದರು.

“ಬಿಸ್ಕೆಟ್ ಚೆನ್ನಾಗಿದೆ.”

ಪೆನ್ನು ಅದನ್ನೂ ಬರೆದುಕೊಂಡಿತು. ಇದರಲ್ಲಿ ಬರೆದುಕೊಳ್ಳುವಂಥದ್ದೇನಿತ್ತು? ಆಮೇಲೆ ಅಜ್ಜಿ ಏನೋ ಉದ್ದಕ್ಕೆ ಹೇಳತೊಡಗಿದಳು, ಮೇಷ್ಟ್ರು ನಡುನಡುವೆ ಬಾಯಿ ಹಾಕಿದರು. ಅವನ ಕಿವಿಗೆ ಒಂದಕ್ಷರವೂ ಇಳಿಯಲಿಲ್ಲ. ಬಿಸ್ಕೆಟನ್ನು ತಿರುಗಿಸುತ್ತಾ, ಆ ಪೆನ್ನು ಯಾವಾಗ ಓಡುತ್ತದೆ, ಯಾವಾಗ ನಿಲ್ಲುತ್ತದೆ, ಡಾಕ್ಟರಮ್ಮ ಆಟದ ಅಕ್ಕನ ಕಡೆ ಯಾವಾಗ ನೋಡುತ್ತಾರೆ ಎಂದು ಮೈಯೆಲ್ಲ ಕಣ್ಣಾಗಿ ಕೂತಿದ್ದ. ಇಬ್ಬರೂ ಒಮ್ಮೆ ತಲೆಯಾಡಿಸಿಕೊಂಡರು. ಅಷ್ಟು ಸಾಕಾಯಿತು ಅವನಿಗೆ.

ಮುಂದಿನ ಮಂಗಳವಾರ ಆಟದ ಅಕ್ಕ ಮಗಳನ್ನು ಹೊರಗೆ ಬಿಡುತ್ತಾ, “ಅಣ್ಣಾ, ಮನೇಲಿ ಪುಟ್ಟಿ ಬಾಗಿಲು ಹಾಕ್ಕೊಂಡು ಕೂರೋದೇನಾದ್ರೂ ಉಂಟಾ?” ಎಂದು ಕೇಳಿದಳು.

“ಇಲ್ವಲ್ಲ,” ಎಂದ. “ನಮ್ಮನೇಲಿ ಬಾಗಿಲೇ ಇಲ್ಲ ಅನ್ನಿ. ಎಲ್ಲ ತೆರೆದೇ ಇರುತ್ತೆ.”

“ಬಾಗಿಲೇ ಇಲ್ವಾ?”

“ಅಂದ್ರೆ… ಇದೆ. ಇರೋ ಅಷ್ಟು ಇದೆ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಮಗಳನ್ನು ಕೇಳಿದ. “ಅಕ್ಕನ ಹತ್ರ ಏನಾದ್ರೂ ಹೇಳಿದ್ಯಾ ಪುಟ್ಟಿ?”

“ಏನೂ ಹೇಳಿಲ್ಲ.”

“ನಿಜವಾಗ್ಲೂ?”

“ನಾನು ಉಯ್ಯಾಲೆಯಿಂದ ಬಿದ್ದೆ,” ಎಂದಳು ಬೆಂಕಿಪೊಟ್ಟಣ, ಮಗ್ಗಿ ಒಪ್ಪಿಸುವ ಹಾಗೆ.

ಮಗಳು ಹೇಳಿಲ್ಲ, ಹೆಂಡತಿ ಹೇಳಿಲ್ಲ. ಆದರೂ ಅಕ್ಕನಿಗೆ ಬಾಗಿಲಿನ ಚಿಂತೆ! ಇದು ಆಪ್ತ ಸಲಹೆಯೋ ಗುಪ್ತ ದಳವೋ ಅವನಿಗೆ ತಿಳಿಯದಾಯಿತು. ಎರಡನೆಯ ಸಭೆಗೆ ಅವನು ಹೋದದ್ದು ಸಲಹೆ ಕೊಡುವುದಕ್ಕಲ್ಲ, ಇವರ ಹಿಕಮತ್ತು ಪತ್ತೆ ಮಾಡುವುದಕ್ಕೆ.

ಆ ದಿನ ದುಂಡು ಮೇಜನ್ನು ಗೋಡೆಗೆ ತಳ್ಳಿ ನಡುವೆ ಜಾಗ ಮಾಡಿದ್ದರು. ಇಬ್ಬರು ಹೊಸಬರು ನಿಂತಿದ್ದರು: ಒಬ್ಬ ಗಡ್ಡದವನು, ಒಬ್ಬಳು ಉದ್ದನೆಯ ಹುಡುಗಿ. ಇಬ್ಬರೂ ಈ ಕೆಲಸ ಕಲಿಯಲು ಬಂದವರು.

“ಇವರು ಒಂದು ಮನೆಯಲ್ಲಿ ನಡೆಯೋ ಜಗಳ ಆಡಿ ತೋರಿಸ್ತಾರೆ,” ಎಂದರು ಡಾಕ್ಟರಮ್ಮ. “ಪುಸ್ತಕ ಓದಿ ಕಲಿತಿದಾರೆ, ಮನೆಯವರ ಜಾಗದಲ್ಲಿ ನಿಂತು ನೋಡಿಲ್ಲ. ಎಲ್ಲಿ ಸುಳ್ಳು ಅನ್ಸುತ್ತೋ ಅಲ್ಲಿ ನೀವು ತಡೀಬೇಕು. ಇವತ್ತು ನೀವೇ ಪರೀಕ್ಷಕರು.”

ಉದ್ದನೆಯ ಹುಡುಗಿ ಮಗುವಾದಳು. ಪ್ಲಾಸ್ಟಿಕ್ ತಟ್ಟೆಯೊಂದನ್ನು ನೆಲಕ್ಕೆ ಬಿಸಾಡಿ, ಓಡಿಹೋಗಿ ಮಡಚುವ ಪರದೆಯೊಂದರ ಹಿಂದೆ ಸೇರಿಕೊಂಡಳು. “ಇದು ಬಚ್ಚಲು,” ಎಂದು ಪರದೆಯ ಹಿಂದಿನಿಂದ ಕೂಗಿ ಹೇಳಿದಳು, ಯಾರಿಗೂ ಗೊಂದಲವಾಗದಿರಲಿ ಎಂದು.

ಕಂಡಕ್ಟರ್ ಕುರ್ಚಿಯ ಅಂಚಿಗೆ ಸರಿದ.

ಗಡ್ಡದವನು ಅಪ್ಪನಾಗಿ ಬಂದ. ಕೆಲಸದಿಂದ ದಣಿದು ಬಂದವನಂತೆ ಹೆಗಲು ಇಳಿಬಿಟ್ಟಿದ್ದ. ಪರದೆಯ ಮುಂದೆ ನಿಂತು, ಹೂವಿಗೆ ನೋವಾದೀತೇನೋ ಎಂಬಂತೆ ತಟ್ಟಿದ. “ಪುಟ್ಟಾ, ಬಾಗಿಲು ತೆಗಿಯಮ್ಮ. ಯಾಕೆ ಚಿಲಕ ಹಾಕ್ಕೊಂಡಿದೀಯಾ?”

“ನಿಲ್ಲಿಸ್ರಿ!”

ಎಲ್ಲರೂ ತಿರುಗಿದರು. ಕಂಡಕ್ಟರ್ ಎದ್ದು ನಿಂತಿದ್ದ. ಬ್ರೇಕ್ ಹಾಕಿದ ಬಸ್ಸಿನಲ್ಲಿ ನಿಂತವನ ಹಾಗೆ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದ.

“ಸುಳ್ಳು ಅನ್ಸಿತಾ?” ಡಾಕ್ಟರಮ್ಮ ಆಸೆಯಿಂದ ಕೇಳಿದರು. ಅವನು ಸಭೆಯಲ್ಲಿ ಬಿಸ್ಕೆಟ್ ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು.

“ಯಾರ್ ಹೇಳಿದ್ದು ನಿಮ್ಗೆ ಇದನ್ನ? ಹ್ಞಾ? ಇವ್ಳು ತಾನೆ?” ಅವನ ಬೆರಳು ಆಟದ ಅಕ್ಕನ ಕಡೆ ಚಾಚಿತ್ತು. “ಆಟ ಆಡಿಸ್ತಾ ಆಡಿಸ್ತಾ ಮಗು ಬಾಯಿಂದ ಕಕ್ಕಿಸ್ಕೊಂಡು, ಈಗ ನಮ್ಮನೆ ಬಚ್ಚಲನ್ನ ತಂದು ಎಲ್ಲರ ಮುಂದೆ ನಾಟಕ ಆಡಿಸ್ತೀರಾ? ನಾನು ಒದ್ದೆ ನಿಜ. ಬಾಗಿಲಿಗೆ ಒದ್ದಿದ್ದು, ಅವ್ಳಿಗಲ್ಲ! ಚಿಲಕ ಕಿತ್ಕೊಂಡು ಹೋಗಿ ಹಣೆಗೆ ಬಡಿಯುತ್ತೆ ಅಂತ ನನ್ಗೇನು ಕನಸು ಬಿದ್ದಿತ್ತಾ? ಉಯ್ಯಾಲೆಯಿಂದ ಬಿದ್ಳು ಅಂದಿದ್ದು ಅದಕ್ಕೇ. ಹೇಳಿದ್ರೆ ನೀವು ಮಗೂನ ಎತ್ಕೊಂಡು ಹೋಗ್ತೀರಿ ಅಂತಾನೇ!”

ಪರದೆಯ ಹಿಂದಿನಿಂದ ಉದ್ದನೆಯ ಹುಡುಗಿ ತಲೆ ಹೊರಹಾಕಿದಳು.

“ಅಯ್ಯೋ ನಿನ್ನ,” ಎಂದಳು ಬೇಕರಿ ಅಜ್ಜಿ, ಮೆಲ್ಲಗೆ. “ಅದು ನಾನ್ ಹೇಳಿದ್ದಲ್ವೇನಪ್ಪಾ ಹೋದ್ಸಲ? ನನ್ನ ಮೊಮ್ಮಗ ತಟ್ಟೆ ಎಸೆದು ಬಚ್ಚಲು ಸೇರ್ಕೋತಾನೆ ಅಂತ ಅಷ್ಟೊತ್ತು ಬಡ್ಕೊಂಡೆ.”

“ನನ್ನ ಮಗ ಬೀರುವಿನ ಹಿಂದೆ ಅಂದೆ ನಾನು,” ಎಂದರು ಮೇಷ್ಟ್ರು. “ಬೀರು ಆಡೋದು ಕಷ್ಟ ಅಂತ ಬಚ್ಚಲೇ ಇಟ್ಕೊಂಡ್ರು. ನೀವೂ ಇದ್ರಲ್ಲ ಇವ್ರೇ, ಪಕ್ಕದಲ್ಲೇ! ಬಿಸ್ಕೆಟ್ ತಿರುಗಿಸ್ತಾ ಕೂತಿದ್ರಿ.”

ಕಂಡಕ್ಟರ್ ಆಟದ ಅಕ್ಕನ ಮುಖ ನೋಡಿದ. ಅದರಲ್ಲಿ ಸಿಕ್ಕಿಬಿದ್ದವಳ ಗಾಬರಿ ಇರಲಿಲ್ಲ. ಈಗಷ್ಟೇ ಸುದ್ದಿ ಕೇಳಿದವಳ ಬೆರಗಿತ್ತು. ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಟಿಕೆಟ್ ಹರಿದು ಕೊಟ್ಟವನು ಇವತ್ತು ಯಾರೂ ಕೇಳದೆಯೇ ತನಗೆ ತಾನೇ ಒಂದನ್ನು ಹರಿದುಕೊಂಡಿದ್ದ.

“ಸರ್,” ಗಡ್ಡದವನು ಗಂಟಲು ಸರಿಮಾಡಿಕೊಂಡ. ಪಾಪ, ಅವನಿಗೆ ಬೇರೆ ಏನು ಕೇಳಬೇಕೆಂದು ತೋಚಲಿಲ್ಲ. “ನಾನು ಬಾಗಿಲು ತಟ್ಟಿದ್ದು ಸರಿಯಿತ್ತಾ?”

“ಇಲ್ಲ,” ಎಂದ ಕಂಡಕ್ಟರ್, ಕೂರುತ್ತಾ. “ಅಷ್ಟು ಮೆಲ್ಲಗೆ ಯಾರೂ ತಟ್ಟಲ್ಲ.”

ಆಟದ ಅಕ್ಕನನ್ನು ಬಿಟ್ಟು ಉಳಿದವರನ್ನು ಹೊರಗೆ ಕಳಿಸಿ ಡಾಕ್ಟರಮ್ಮ ಅವನ ಎದುರು ಕುರ್ಚಿ ಎಳೆದುಕೊಂಡರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ. ವಿಚಿತ್ರವೆಂದರೆ, ಅದರಿಂದ ಅವನಿಗೆ ಕೊಂಚ ಸಮಾಧಾನವೇ ಆಯಿತು.

“ಮಂಗಳವಾರ ಹೋಯ್ತು ತಾನೆ?” ಎಂದ.

“ಮಂಗಳವಾರ ಎಲ್ಲೂ ಹೋಗಲ್ಲ. ಆದ್ರೆ ಇದನ್ನ ಕೇಳಿ ಸುಮ್ನಿರೋಕೆ ನನ್ಗಾಗಲ್ಲ. ಆಮೇಲೆ ಯಾವತ್ತಾದ್ರೂ ಕೈ ಎತ್ತಿದೀರಾ?”

“ಇಲ್ಲ.”

“ನಂಬ್ಲಾ?”

“ನಂಬಿ ಅಂತ ಯಾವ ಬಾಯಲ್ಲಿ ಹೇಳ್ಲಿ? ನಾನೇ ಯಾರನ್ನೂ ನಂಬಲ್ಲ.”

“ನಿಮ್ಮನೆಗೆ ಬಂದು ನಿಮ್ಮ ಹೆಂಡ್ತಿ ಹತ್ರಾನೂ ಮಾತಾಡ್ತೀನಿ. ಇನ್ಮೇಲೆ ನೀವು ಬೆಂಚಿನ ಮೇಲೆ ಕೂರೋ ಹಾಗಿಲ್ಲ, ಮಗು ಜೊತೆ ಒಳಗೆ ಬರ್ಬೇಕು. ಎತ್ಕೊಂಡು ಹೋಗೋ ಮಾತು ಇಲ್ಲಿ ಯಾರೂ ಆಡಿಲ್ಲ. ನೀವು ಈ ತರ ಬಚ್ಚಿಡ್ತಾ ಹೋದ್ರೆ ಮಾತ್ರ ನನ್ಗೆ ಭಯ ಆಗುತ್ತೆ.”

ಆಟದ ಅಕ್ಕ ಗೋಡೆಗೆ ಒರಗಿ ನಿಂತೇ ಇದ್ದಳು. “ನಾನು ಹೇಳ್ಬಿಟ್ಟೆ ಅಂದ್ಕೊಂಡ್ರಲ್ಲಾ ಅಣ್ಣಾ,” ಎಂದಳು. ದನಿಯಲ್ಲಿ ನೋವಿತ್ತು, ಸ್ವಲ್ಪ ಸಿಟ್ಟೂ ಇತ್ತು. “ಆಟದಲ್ಲಿ ಪುಟ್ಟಿ ಯಾವಾಗ ಮನೆ ಕಟ್ಟಿದ್ರೂ ಬಾಗಿಲಿಡಲ್ಲ. ಯಾಕೆ ಅಂತ ಎಷ್ಟು ತಲೆ ಕೆಡಿಸ್ಕೊಂಡಿದೀನಿ! ಶಾಲೇಲಿ ಯಾರೋ ಕೂಡಿ ಹಾಕಿರ್ಬೇಕು ಅಂತ ಅಲ್ಲೆಲ್ಲ ವಿಚಾರಿಸಿದೀನಿ. ಗಾಯ ಕೇಳಿದ್ರೆ ಪ್ರತಿ ಸಲ ಒಂದೇ ಮಾತು, ಒಂದೇ ರಾಗ. ನಿಮ್ಮಿಬ್ಬರನ್ನೂ ಅವಳು ಕಾಯ್ತಾ ಇದ್ಳು. ನನ್ನಿಂದ.”

ಬಾಯಿ ಬಿಡಬಾರದೆಂದು ಹೊರಟವನು ಬಿಡಬಾರದ ಹೊತ್ತಲ್ಲಿ ಬಿಟ್ಟು, ಬಿಡಬೇಕಾದ ಹೊತ್ತಲ್ಲಿ ಮುಚ್ಚಿಕೊಂಡು ಕೂತ.

ಮನೆಯಲ್ಲಿ ಹೆಂಡತಿ ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದು ಕಾದ. ಅವಳು ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

“ಬರ್ತಾರಂತಾ ಮನೆಗೆ?”

“ಬರ್ತಾರಂತೆ.”

“ಬರ್ಲಿ,” ಎಂದಳು. “ನನ್ಗೂ ಆ ಉಯ್ಯಾಲೆ ಕಥೆ ಹೇಳಿ ಹೇಳಿ ಸಾಕಾಗಿತ್ತು.” ಬಟ್ಟೆಯನ್ನು ಬದಿಗಿಟ್ಟು, “ಪುಟ್ಟಿಗೆ ಏನ್ ಹೇಳೋದು? ನಿಜ ಹೇಳಿದ್ರೆ ಎತ್ಕೊಂಡು ಹೋಗ್ತಾರೆ ಅಂತ ನಾವೇ ಹೆದರಿಸಿಟ್ಟಿದೀವಲ್ರೀ ಅವ್ಳನ್ನ,” ಎಂದಳು.

ಡಾಕ್ಟರಮ್ಮನ ಮಾತನ್ನು ಅವನು ತಿರುಗಿಸಿ ಮುರುಗಿಸಿ ನೋಡಿದ್ದ. ಎತ್ತಿಕೊಂಡು ಹೋಗುವುದಿಲ್ಲ ಎಂದಿದ್ದರು, ಸರಿ. ಎತ್ತಿಕೊಂಡು ಹೋಗುವವರು ಮೊದಲೇ ಹೇಳಿ ಹೋಗುತ್ತಾರೆಯೇ? ಮನೆ ನೋಡಲು ಬರುವುದು ಯಾಕೆ? ಅಪ್ಪನನ್ನು ಒಳಗೆ ಕೂರಿಸುವುದು ಯಾಕೆ? ಪ್ರಶ್ನೆಗಳು ಒಂದರ ಹಿಂದೊಂದು ಹತ್ತುತ್ತಿದ್ದವು, ಇಳಿಯುವ ಲಕ್ಷಣವಿರಲಿಲ್ಲ.

ಮಂಗಳವಾರ ಬಂತು. ಆಟದ ಕೋಣೆಯಲ್ಲಿ ಮಕ್ಕಳ ಅಳತೆಯ ಕುರ್ಚಿಗಳಿದ್ದವು. ಕಂಡಕ್ಟರ್ ಕೂತಾಗ ಮೊಣಕಾಲು ಗದ್ದಕ್ಕೆ ಬಂತು. ಬೆಂಕಿಪೊಟ್ಟಣ ಬಾಗಿಲಲ್ಲೇ ನಿಂತಳು.

“ಅಪ್ಪ ಯಾಕೆ ಒಳಗೆ?”

“ಇವತ್ತಿಂದ ಅಪ್ಪನೂ ಇರ್ತಾರೆ,” ಎಂದಳು ಆಟದ ಅಕ್ಕ.

ಹುಡುಗಿ ಅಕ್ಕನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಹೊಳೆದುಹೋಯಿತು. ಸರಸರನೆ ಬಂದು ಇಬ್ಬರ ನಡುವೆ, ಅಪ್ಪನಿಗೆ ಬೆನ್ನು ಮಾಡಿ, ಅಕ್ಕನಿಗೆ ಎದೆ ಸೆಟೆಸಿ ನಿಂತಳು.

“ನಾನು ಉಯ್ಯಾಲೆಯಿಂದ ಬಿದ್ದಿದ್ದು,” ಎಂದಳು. “ನಾನೇ ಬಿದ್ದಿದ್ದು. ಯಾರೂ ಏನೂ ಮಾಡಿಲ್ಲ.”

ಅವಳ ಜಡೆ ಅವನ ಮೂಗಿನ ಮುಂದೆಯೇ ಇತ್ತು. ಅವನು ಆ ಜಡೆಗೇ ಹೇಳಿದ.

“ಇಲ್ಲ ಪುಟ್ಟಿ. ಅಪ್ಪ ಹೇಳ್ಬಿಟ್ಟಿದೀನಿ. ಬಾಗಿಲಿಗೆ ನಾನು ಒದ್ದಿದ್ದು, ಚಿಲಕ ಬಡಿದಿದ್ದು, ಎಲ್ಲ. ತಪ್ಪು ನಂದು. ಸುಳ್ಳು ಹೇಳು ಅಂತ ನಿನ್ಗೆ ಹೇಳ್ಕೊಟ್ಟಿದ್ದೂ ತಪ್ಪೇ.”

ಅವಳು ತಿರುಗಿದಳು. ಕಣ್ಣು ಕಿರಿದಾಗಿತ್ತು. ಹಳೆಯ ಪಾಸು ತೋರಿಸಿದವನನ್ನು ಅವನು ನೋಡುತ್ತಿದ್ದುದು ಥೇಟ್ ಹೀಗೆಯೇ.

“ಸುಳ್ಳು.”

“ನಿಜ.”

“ಹಾಗಾದ್ರೆ ನನ್ನ ಕರ್ಕೊಂಡು ಹೋಗ್ತಾರಾ?”

“ಇಲ್ಲ ಪುಟ್ಟಿ,” ಎಂದಳು ಆಟದ ಅಕ್ಕ. “ಯಾರೂ ಕರ್ಕೊಂಡು ಹೋಗಲ್ಲ.”

ಹುಡುಗಿ ಅಕ್ಕನ ಕಡೆ ತಲೆಯನ್ನೂ ತಿರುಗಿಸಲಿಲ್ಲ. ಅಪ್ಪನ ಮುಖವನ್ನೇ ಓದುತ್ತಾ ನಿಂತಳು. ಅವಳಿಗೆ ಬೇಕಿದ್ದುದು ಅವನ ಉತ್ತರ. ಜನ್ಮದಲ್ಲಿ ಅವನು ಇನ್ನೊಬ್ಬರ ಮಾತಿಗೆ ಜಾಮೀನು ನಿಂತವನಲ್ಲ. ಡಾಕ್ಟರಮ್ಮ ನಿಜ ಹೇಳಿದ್ದರೋ ಇಲ್ಲವೋ ಈಗಲೂ ಅವನಿಗೆ ಗೊತ್ತಿರಲಿಲ್ಲ. ಆದರೆ ಈಗ ತಡವರಿಸಿದರೆ, ಈ ಕೋಣೆಯಲ್ಲಿ ಅವಳು ಇನ್ನೆಂದೂ ನೆಮ್ಮದಿಯಾಗಿ ಕೂರುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು.

“ಇಲ್ಲ ಕಂದಾ. ಕರ್ಕೊಂಡು ಹೋಗಲ್ಲ,” ಎಂದ. “ಇವ್ರು ಹಾಗೆ ಮಾಡೋರಲ್ಲ.”

ಹೇಳಿದ ಮೇಲೆ ಕಣ್ಣೆತ್ತಿ ಆಟದ ಅಕ್ಕನನ್ನು ನೋಡಿದ, ಹೇಳಿಬಿಟ್ಟಿದ್ದೀನಿ, ನೋಡ್ಕೊಳಮ್ಮಾ ಎನ್ನುವ ಹಾಗೆ. ಅಕ್ಕ ತಲೆಯಾಡಿಸಿದಳು.

ಬೆಂಕಿಪೊಟ್ಟಣ ಆ ತಲೆಯಾಟವನ್ನೂ ತೂಗಿ ನೋಡಿದಳು. ಆಮೇಲೆ ಅಪ್ಪನ ಕುರ್ಚಿಯನ್ನು, ಅವನು ಕೂತಿದ್ದ ಹಾಗೆಯೇ, ಗೋಡೆಯ ಕಡೆಗೆ ದಬ್ಬತೊಡಗಿದಳು. ಅವನು ಕಾಲೂರಿ ತಾನೇ ಸರಿದುಕೊಟ್ಟ.

“ಇಲ್ಲೇ ಕೂತ್ಕೋ. ಏಳ್ಬೇಡ,” ಎಂದಳು. “ನನ್ಗೆ ಇಬ್ರೂ ಕಾಣಿಸ್ತಾ ಇರ್ಬೇಕು.”

ಅವರಿಬ್ಬರನ್ನೂ ಕಣ್ಣಳತೆಯಲ್ಲಿಟ್ಟುಕೊಂಡು, ನೆಲದ ಮೇಲೆ ಕೂತು, ಆಟದ ಡಬ್ಬಿಯ ಮುಚ್ಚಳ ತೆಗೆದಳು.